ಮೂರು ಕಡೆ ಅಳೆಯಬೇಕಾದ ಕಿಟಕಿ

ಈ ವರ್ಷದ ಮೊದಲ ಘಾಟು ನಿನ್ನೆ ಬೆಳಿಗ್ಗೆ ಬಂತು. ಬ್ಯಾಡಗಿಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ ನಮಗೆ ಕ್ಯಾಲೆಂಡರು ಬೇಕಿಲ್ಲ. ಹೊಸ ಮೆಣಸಿನಕಾಯಿಯ ಚೀಲಗಳ ಬಾಯಿ ಬಿಚ್ಚಿದರೆ ಸಾಕು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸೀನು ಹಬ್ಬುತ್ತದೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾವು ಹಾಗೆ ಮಾಡಿದರೆ ಊರಿಗೇ ಅವಮಾನವೆಂಬಂತೆ ಸೀನುತ್ತಲೇ ಚಹಾ ಕುಡಿಯುತ್ತೇವೆ.

ನಾನೂ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಪಕ್ಕದ ಮನೆಯ ಸುವರ್ಣಮ್ಮ ಕಂಪೌಂಡಿನ ಆಚೆಯಿಂದ ನನ್ನ ಅಕ್ಕ ಗಿರಿಜಕ್ಕನನ್ನು ಮಾತಾಡಿಸಿ, ನಿಮ್ಮ ಕಿಟಕಿ ಹಾಕಿದವರು ಯಾರು, ನಾವೂ ಹಳೆಯದನ್ನು ತೆಗೆಸಬೇಕು ಎಂದರು. ಅಕ್ಕ ರಾಣೆಬೆನ್ನೂರಿನ ಹಸೀನಾಳ ಹೆಸರು ಹೇಳಿ, ಬಾಯ್ತುಂಬ ಹೊಗಳಿ, ಕೊನೆಗೆ ಒಂದು ಮಾತು ಸೇರಿಸಿದಳು: “ಒಂದ ಸಲ ಅಳತಿ ತಪ್ಪಿದ್ಲು, ಅಷ್ಟ. ನೀವು ಸ್ವಲ್ಪ ಮುಂದ ನಿಂತು ನೋಡ್ಕೋರಿ.”

ನಾನು ಕಪ್ಪನ್ನು ತುಟಿಯಿಂದ ಇಳಿಸಿದೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಎರಡು ವರ್ಷ ಹಿಂದಕ್ಕೆ ಕರೆದೊಯ್ಯಬೇಕು.

ಆ ವರ್ಷ ಅಕ್ಕನಿಗೆ ಉಬ್ಬಸ ವಿಪರೀತವಾಗಿತ್ತು. ಹಂಗಾಮು ಮುಗಿಯುವವರೆಗೆ ಊರು ಬಿಡಿ, ಇಲ್ಲವೇ ಧೂಳು ಬಾರದ ಒಂದು ಕೋಣೆ ಮಾಡಿಕೊಳ್ಳಿ ಎಂದು ಹಾವೇರಿಯ ಡಾಕ್ಟರು ಹೇಳಿದ್ದರು. ಊರು ಬಿಡುವ ಮಾತನ್ನು ಅಕ್ಕ ಅಲ್ಲೇ ತಳ್ಳಿಹಾಕಿದಳು. ಇನ್ನು ಕೋಣೆ. ಅದಕ್ಕೆ ಪಡುವಣ ಬಿಸಿಲು. ಕೂಲರ್ ಹಾಕಿದರೆ ಅದು ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಖಾರ ಊದುತ್ತಿತ್ತು. ಎ.ಸಿ. ತಂದೆವು, ಒಣಗಿ ಕುಗ್ಗಿದ್ದ ಸಾಗವಾನಿ ಕಿಟಕಿಕದಗಳ ಸಂದಿನಿಂದ ಅದರ ತಂಪೆಲ್ಲ ಓಣಿಗೆ ಸೋರುತ್ತಿತ್ತು. ದಿನವಿಡೀ ಯಂತ್ರ ಓಡಿದರೂ ಅಕ್ಕ ಕೆಮ್ಮುವುದು ನಿಲ್ಲಲಿಲ್ಲ.

ಯಾರೋ ಹೇಳಿದರೆಂದು ರಾಣೆಬೆನ್ನೂರಿನ ಒಂದು ಕಿಟಕಿ ಅಂಗಡಿಗೆ ಫೋನು ಮಾಡಿದೆ. ಟೆಂಪೋ ಓಡಿಸಿಕೊಂಡು ಬಂದವನು ಗಂಡ, ಇಳಿದು ಕೆಲಸ ನೋಡಿದವಳು ಹೆಂಡತಿ. ಅವನದು ಗಡಿಬಿಡಿ ಸ್ವಭಾವವಂತೆ. ಅದಕ್ಕೇ ಅಳತೆ, ಗಾಜು ಕೊಯ್ಯುವುದು, ಜೋಡಣೆ ಎಲ್ಲ ಹಸೀನಾಳದು. ಅವಳು ಮೊದಲು ಕೇಳಿದ್ದು ಒಂದು ಊದಿನಕಡ್ಡಿ. ನಾನು ದೇವರ ಗೂಡಿನಿಂದ ತಂದುಕೊಟ್ಟೆ. ಹಚ್ಚಿ, ಕಿಟಕಿಯ ಅಂಚಿನಗುಂಟ ನಿಧಾನವಾಗಿ ಸರಿಸುತ್ತ ಹೋದಳು. ನೆಟ್ಟಗೆ ಏರುತ್ತಿದ್ದ ಹೊಗೆ ಕೆಲವು ಕಡೆ ತಟ್ಟನೆ ಒಳಕ್ಕೆ ಬಾಗುತ್ತಿತ್ತು. ಬಾಗಿದಲ್ಲೆಲ್ಲ ಸೀಮೆಸುಣ್ಣದ ಗುರುತು. ಮನೆಯ ಎಲ್ಲ ಕಿಟಕಿಗಳನ್ನೂ ಬದಲಿಸಲು ನಾನು ಸಿದ್ಧನಾಗಿದ್ದೆ. ಮೂಡಣದವು ಗಟ್ಟಿಯಿವೆ, ಸಂದಿಗೆ ರಬ್ಬರ್ ಪಟ್ಟಿ ಸಾಕು, ಅಕ್ಕನವರ ಕೋಣೆಯದೊಂದನ್ನೇ ಹಾಕೋಣ ಎಂದಳು. ಎರಡು ಗಾಜು, ನಡುವೆ ಕಟ್ಟಿಹಾಕಿದ ಗಾಳಿ. ಬಿಸಿಲೂ ದಾಟದು, ತಂಪೂ ಹೋಗದು. ತನ್ನ ಗಿರಾಕಿಗೆ ಬೇಡದ್ದನ್ನು ಬೇಡವೆನ್ನುವ ವ್ಯಾಪಾರಸ್ಥೆಯನ್ನು ನಾನು ಅಂದೇ ಮೊದಲು ಕಂಡದ್ದು.

ಈಗ ಇನ್ನೊಂದು ಕಡೆ ಕೆಲಸವಿದೆ, ರವಿವಾರ ಬಂದು ಅಳೆಯುತ್ತೇನೆ ಎಂದಳು. ಅಲ್ಲಿಯವರೆಗೆ ಯಾಕೆ, ನಾನೇ ಅಳೆದು ಕಳಿಸುತ್ತೇನೆ ಎಂದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಒಂದು ಆಯತ ಅಳೆಯುವುದು ದೊಡ್ಡ ಮಾತೇ? ಅವಳು ಹೋದ ಮೇಲೆ ಟೇಪು ಹಿಡಿದು, ಅಗಲವನ್ನು ಮೇಲ್ತುದಿಯಲ್ಲಿ ಒಮ್ಮೆ ಮಾತ್ರ ಅಳೆದು, ಅಂಕಿ ಕಳಿಸಿದೆ. ಸಂಜೆ ಫೋನು ಬಂತು. “ಮೂರೂ ಕಡೆ ಅಳದೀರಲ್ರೀ ಸರ್? ಮ್ಯಾಲೆ, ನಡುವ, ಕೆಳಗ?” ನಾನು ಹೂಂ ಎಂದೆ. ಎದ್ದು ಹೋಗಿ ಇನ್ನೆರಡು ಸಲ ಟೇಪು ಹಿಡಿಯುವ ಬದಲು ಒಂದು ಸುಳ್ಳು ಹೇಳಿದೆ, ಅಷ್ಟೇ.

ಕಿಟಕಿ ಬಂತು. ಹಳೆಯದನ್ನು ಕಿತ್ತು ಗೋಡೆಗೆ ಒರಗಿಸಿದರು. ಹೊಸದು ಮೇಲೆ ಸಲೀಸಾಗಿ ಕೂತು, ಕೆಳಗೆ ಅರ್ಧ ಇಂಚಿಗೆ ತಡೆಯಿತು. ನಮ್ಮ ಮಣ್ಣುಗೋಡೆ ಕೆಳಗೆ ಕಿಟಕಿಯ ಜಾಗದೊಳಕ್ಕೆ ಉಬ್ಬಿತ್ತು. ಅದು ನೋಟುಬುಕ್ಕಿನ ಆಯತವಲ್ಲ. ಗೋಡೆ ಕಡಿಯೋಣವೆಂದರೆ ಮನೆ ತುಂಬ ಧೂಳು. ಅಂದು ಮಾರುಕಟ್ಟೆಯ ದಿನ ಬೇರೆ. ಬಯಲಾದ ಕಿಂಡಿಯಿಂದ ಘಾಟು ನುಗ್ಗುತ್ತಿತ್ತು. ನಡುಮನೆಯಲ್ಲಿ ಮೂಗಿಗೆ ಒದ್ದೆ ಸೆರಗು ಒತ್ತಿಕೊಂಡಿದ್ದ ಅಕ್ಕನ ಎದೆ ಸಿಳ್ಳೆ ಹೊಡೆಯುವುದು ನಮಗೆ ಕೇಳುತ್ತಿತ್ತು. ಏನಾತು ಎಂದು ಅವಳು ಅಲ್ಲಿಂದಲೇ ಕೇಳಿದಳು.

ಹಸೀನಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

“ನಮ್ಮ ಅಳತಿ ತಪ್ಪೇತ್ರಿ ಅಕ್ಕಾರ,” ಎಂದಳು ಅವಳು. “ನಾಳೆ ಸರಿ ಮಾಡಿ ತರ್ತೇವಿ. ಅಲ್ಲೀತನಕ ನೀವು ನಮ್ಮನಿಗೆ ನಡೀರಿ. ಇಲ್ಲಿ ಕುಂದ್ರಬ್ಯಾಡ್ರಿ.”

ಅಕ್ಕ ಮಡಿ-ಮೈಲಿಗೆಯ ಮನೆಯಲ್ಲಿ ಬೆಳೆದವಳು. ಪರಸ್ಥಳದಲ್ಲಿ ನೀರೂ ಕುಡಿಯದವಳು. ಆದರೆ ಉಸಿರಿಗಿಂತ ಮಿಗಿಲಾದ ಮಡಿ ಯಾವುದು? ಎದ್ದು ಟೆಂಪೋದ ಮುಂದಿನ ಸೀಟಿನಲ್ಲಿ ಕೂತಳು. ಹಸೀನಾ ಮೊದಲು ಟೇಪು ಹಿಡಿದು ಮೂರು ಕಡೆ ಅಳೆದು ಅಂಗೈಯಲ್ಲಿ ಬರೆದುಕೊಂಡಳು, ಕಿಂಡಿಗೆ ಪ್ಲಾಸ್ಟಿಕ್ ತಾಡಪತ್ರಿ ಬಿಗಿದಳು, ಆಮೇಲೆ ಹೊರಟಳು.

ಮರುದಿನ ಮಧ್ಯಾಹ್ನ ಟೆಂಪೋ ಬಂತು. ಹಿಂದೆ ಕಂಬಳಿ ಸುತ್ತಿದ ಕಿಟಕಿ, ಮುಂದೆ ಅಕ್ಕ. ಅವಳ ಮುಖಕ್ಕೆ ಬಣ್ಣ ಮರಳಿತ್ತು. ಹಸೀನಾಳ ಅತ್ತೆ ಕಲಿಸಿದ ಯಾವುದೋ ಕಷಾಯದ ಬಗ್ಗೆ ಇಳಿಯುತ್ತಲೇ ಹೇಳತೊಡಗಿದಳು. ಕಿಟಕಿ ಸದ್ದಿಲ್ಲದೆ ತನ್ನ ಜಾಗದಲ್ಲಿ ಕೂತಿತು. ಊದಿನಕಡ್ಡಿಯ ಹೊಗೆ ಎಲ್ಲಿಯೂ ಬಾಗಲಿಲ್ಲ. ಅವರು ಹೋದ ಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದು, “ಪಾಪ, ಎಲ್ಲಾರ ಕೈನೂ ತಪ್ಪತಾವ. ಆಕಿಗೆ ನೀ ಏನೂ ಅನ್ನಬ್ಯಾಡ,” ಎಂದಳು. ಆಗಲೂ ನಾನು ಹೂಂ ಎಂದೆ.

ಹಾಳಾದ ಗಾಜಿನ ಬೆಲೆಯನ್ನು ಮಾತ್ರ ರಾಣೆಬೆನ್ನೂರಿಗೆ ಹೋಗಿ ಕೊಟ್ಟುಬಂದೆ. ತಪ್ಪನ್ನು ಮೈಮೇಲೆ ಯಾಕೆ ಹಾಕಿಕೊಂಡೆ ಎಂದು ಹಸೀನಾಳನ್ನು ಕೇಳಿದೆ. ಅವಳು ಗಾಜು ಒರೆಸುತ್ತಲೇ ಹೇಳಿದಳು: “ಅಕ್ಕಾರಿಗೆ ಉಸಿರು ಹತ್ತಿತ್ರಿ ಸರ್. ಯಾರ ತಪ್ಪು ಅಂತ ಮಾತಾಡ್ಕೋತ ಕುಂತ್ರ ತಾಸು ಹೋಗ್ತಿತ್ತು. ನಂದು ಅಂದ್ರ ಲಗೂ ಮುಗೀತು. ಖರೇ ಹೇಳೂದು ಬಿಡೂದು ನಿಮಗ ಬಿಟ್ಟದ್ದು.”

ನನಗೆ ಬಿಟ್ಟದ್ದನ್ನು ನಾನು ಎರಡು ವರ್ಷ ಹಾಗೆಯೇ ಬಿಟ್ಟಿದ್ದೆ. ನಿನ್ನೆ ಕಂಪೌಂಡಿನ ಆಚೆ ಸುವರ್ಣಮ್ಮ, ಹಂಗಾದ್ರ ಬ್ಯಾರೆ ಯಾರನ್ನರ ನೋಡೂಣೇನು ಎನ್ನುತ್ತಿದ್ದರು. ನಾನು ಕಪ್ಪು ಕೆಳಗಿಟ್ಟು ಎದ್ದೆ. ಅಳತೆ ತಪ್ಪಿದ್ದು ಹಸೀನಾ ಅಲ್ಲ, ನಾನು. ಅವಳು ಕೇಳಿದಾಗ ಸುಳ್ಳು ಹೇಳಿದವನೂ ನಾನೇ ಎಂದು ಇಬ್ಬರಿಗೂ ಕೇಳುವಂತೆ ಹೇಳಿದೆ. ಸುವರ್ಣಮ್ಮ ನಗು ತಡೆದುಕೊಂಡು ಒಳಗೆ ಹೋದರು.

ಅಕ್ಕ ನಗಲಿಲ್ಲ. “ಆ ಹುಡುಗಿ ನನ್ನ ನೋಡಾಕ ಬಂದಾಗೊಮ್ಮೆ, ಅಳತಿ ನೋಡಿ ಮಾಡವಾ ಅಂತ ಬುದ್ಧಿ ಹೇಳೇನಿ ನಾ,” ಎಂದಳು. “ಹೂಂರಿ ಅಕ್ಕಾರ, ಅಂತ ಕೇಳಕೋತ ಕುಂದ್ರತಿದ್ಲು.”

ಆಮೇಲೆ ಹಸೀನಾಳ ನಂಬರು ಹಚ್ಚಿಕೊಡು ಎಂದಳು. ಹಚ್ಚಿಕೊಟ್ಟೆ. ಫೋನು ಹಿಡಿದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಂಗಳದಲ್ಲಿ ಕಿಟಕಿಯ ಮುಂದೆ ನಿಂತಿದ್ದೆ. ಒಳಗಿನ ಒಂದು ಮಾತೂ ಹೊರಗೆ ಬರಲಿಲ್ಲ. ಕೆಲಸ ಅಷ್ಟು ಚೊಕ್ಕ. ಎರಡು ಗಾಜಿನ ಆಚೆ ಅಕ್ಕ ಮಾತಾಡುತ್ತಿದ್ದಳು, ನಡುನಡುವೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಬದಿಯಿಂದ ಹಸೀನಾ ಏನೋ ಹೇಳಿರಬೇಕು. ಅಕ್ಕ ಕಿಟಕಿಯ ಕಡೆ ತಿರುಗಿ, ನನ್ನನ್ನು ನೋಡಿ, ನಕ್ಕುಬಿಟ್ಟಳು.