ಅಟ್ಟಕ್ಕೇರಿದ ರಾಗಿ ಮಡಕೆ

ಮೊಳಕೆ ರಾಗಿ ಹಿಟ್ಟಿನ ಡಬ್ಬವೊಂದು ಮೊನ್ನೆ ಅವಲಪಲ್ಲಿಯ ನಮ್ಮ ಮನೆಗೆ ಬಂತು. ಮುಚ್ಚಳ ತೆಗೆದದ್ದೇ ತಡ, ಆ ಹುರಿದ ಘಮಕ್ಕೆ ರಾಯಕೋಟೆ ಹತ್ತಿರದ ನಮ್ಮೂರು, ಪಕ್ಕದ ಮನೆ ಅತ್ತೆ, ಎಲ್ಲ ನೆನಪಾಯಿತು. ಜೊತೆಗೆ ಹಳೇ ಹೊಟ್ಟೆಕಿಚ್ಚೂ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಕೆರೆ ಏರಿ ಒಡೆದು ಬೀದಿಗೆಲ್ಲ ನೀರು ನುಗ್ಗಿತು. ಎದುರಿನ ಗೋಡೆಗಳು ಕುಸಿಯುವುದನ್ನು ನಾನೂ ಅತ್ತೆಯ ಮಗಳೂ ಒಂದೇ ಜಗಲಿಯ ಮೇಲೆ ನಿಂತು ನೋಡಿದೆವು. ಇಬ್ಬರಿಗೂ ಒಂದೇ ವಯಸ್ಸು. ಆಮೇಲೆ ಮೋಡ ಕವಿದರೆ ಸಾಕು, ಇಬ್ಬರೂ ನಡುಗುತ್ತಿದ್ದೆವು.

ನಮ್ಮಮ್ಮ ಬಾಗಿಲು ಹಾಕಿ, ನನ್ನ ಕಿವಿಗೆ ಹತ್ತಿ ತುರುಕಿ, ಕಂಬಳಿ ಹೊದಿಸಿ ಕೂರಿಸುತ್ತಿದ್ದಳು. ಅತ್ತೆಯ ರೀತಿಯೇ ಬೇರೆ. ಕೆರೆ ನೀರಿಗೆ ನೆನೆದ ರಾಗಿಯನ್ನು ಊರವರು ತಿಪ್ಪೆಗೆ ಸುರಿದರೆ, ಅವರು ತೊಳೆದು, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ ಮಡಕೆಗಳಿಗೆ ತುಂಬಿದರು. ಮೋಡ ಕಂಡರೆ ಅವನ್ನು ಅಟ್ಟಕ್ಕೇರಿಸುವ ಕೆಲಸ ಮಗಳದು.

“ಅಳೋದಾದ್ರೆ ಅಳು ಕಣೆ, ಕೈ ಮಾತ್ರ ನಿಲ್ಲಿಸ್‌ಬ್ಯಾಡ,” ಅನ್ನುತ್ತಿದ್ದರು.

ಮೊದಮೊದಲು ಅವಳು ಗೊಳೋ ಎಂದು ಅಳುತ್ತಲೇ ಏರಿಸುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅಳು ನಿಂತಿತು. ಮುಂದಿನ ವರ್ಷ ಮೋಡ ನೋಡಿ, ಮಡಕೆ ಎತ್ತೋಣ ಬಾ ಎಂದು ಅವ್ವನನ್ನು ಕರೆಯುತ್ತಿದ್ದವಳೇ ಅವಳು! ನಾನು ಕಿಟಕಿ ಸಂದಿಯಿಂದ ನೋಡಿ ಉರಿದುಹೋಗುತ್ತಿದ್ದೆ... ಒಂದು ದಿನ ತಡೆಯಲಾರದೆ ಕಂಬಳಿ ಕಿತ್ತೆಸೆದು ಓಡಿಹೋಗಿ ಮಡಕೆಗೆ ಕೈ ಹಾಕಿದೆ.

“ನೀನು ಬ್ಯಾಡ ಕಣವ್ವ, ನಿಮ್ಮಮ್ಮ ಬೈತಾಳೆ.” ಅತ್ತೆ ಮಡಕೆ ಇಸಿದುಕೊಂಡು ಮಗಳ ಕೈಗೆ ಕೊಟ್ಟರು. ಗುಡುಗಿದರೆ ನನ್ನ ಕೈ ಇವತ್ತಿಗೂ ನಡುಗುತ್ತದೆ. ಅವಳದು ನಡುಗುವುದಿಲ್ಲ.

ಹೋದ ಮಳೆಗಾಲದಲ್ಲಿ ಅತ್ತೆಯನ್ನು ನೋಡಲು ಹೋಗಿದ್ದೆ. ಅವರ ಕಣ್ಣು ಪೂರ್ತಿ ಮಂಜಾಗಿತ್ತು. ಮಗಳು ಅಂಗಡಿಗೆ ಹೋಗಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೊರಗೆ ಗುಡುಗಿತು. ನನ್ನ ಬಳೆ ಸದ್ದು ಕೇಳಿ ಅತ್ತೆ, “ಬಂದ್ಯೇನೆ? ಮೋಡ ಆಗೈತೆ, ಆ ಮಡಕೆ ಮ್ಯಾಲಿಡು,” ಎಂದರು.

ನಾನು ಅವಳಲ್ಲ ಎನ್ನಲಿಲ್ಲ. ನಡುಗುವ ಕೈಯಲ್ಲೇ ಎತ್ತಿಟ್ಟೆ.

“ಗಟ್ಟಿಗಿತ್ತಿ ಕಣೆ ನನ್ ಮಗ್ಳು,” ಎಂದರು.

ಹೋದ ತಿಂಗಳು ಅತ್ತೆ ತೀರಿಕೊಂಡರು. ಈ ಡಬ್ಬ ಕಳಿಸಿದ್ದು ಅವರ ಮಗಳು. ನಿನ್ನೆ ಫೋನಿನಲ್ಲಿ ಅತ್ತಳು. “ಒಂದಿನಾನೂ ನನ್ನ ಹೊಗಳ್ದೋಳಲ್ಲ ನಮ್ಮವ್ವ. ನೀನು ಬಂದಿದ್ದಾಗ ನನ್ ಬಗ್ಗೆ ಏನಾರ ಅಂದ್ಲಾ?”

ಆ ಗಟ್ಟಿಗಿತ್ತಿ ಮಾತು ಸೇರಬೇಕಾದದ್ದು ಅವಳಿಗೇ, ನನಗೆ ಗೊತ್ತು. ಆದರೆ ಅವಳಿಗೆ ಅಷ್ಟೂ ಮಡಕೆ ಸಿಕ್ಕಿದ್ದವು... ನನಗೆ ಸಿಕ್ಕಿದ್ದು ಅದೊಂದೇ.

“ಏನೂ ಇಲ್ಲ ಕಣೆ,” ಅಂದೆ.