ಹೊಗೆ ಯಾವ ಕಡೆಯಿಂದ ಬಂತು

ಬೋಡಿಲ್ ಬದುಕಿನ ಬಹುಪಾಲು ಕಳೆದದ್ದು ಫ್ಯೋರ್ಡ್ ಎಂಬ ಕಡಲಿನ ಚಾಚನ್ನು ದಾಟಿಸುವ ಫೆರಿಯ ಟಿಕೆಟ್ ಕಿಂಡಿಯ ಹಿಂದೆ. ಮೀಸೆ ಮೂಡಿದ ಹುಡುಗರು ಮಕ್ಕಳ ಟಿಕೆಟ್ ಕೇಳಿದರೆ ಮುಖ ನೋಡಿಯೇ ಹಿಡಿಯುತ್ತಿದ್ದಳು. ನಿವೃತ್ತಿಯಾದ ಮೇಲೆ ಅವಳೂ ಅವಳ ಗಂಡ ಸ್ವೆನ್ನನೂ ಏಪ್ರಿಲ್‌ನಿಂದ ಅಕ್ಟೋಬರ್ ಮುಗಿಯುವ ತನಕ ನಮ್ಮ ತೋಟದ ಕಾಲೊನಿಯಲ್ಲೇ ಇರುತ್ತಾರೆ; ಪೇಟೆಯವರಿಗೆ ಸಂಘವೊಂದು ಹಂಚಿದ ತುಂಡು ತೋಟಗಳು ಇವು. ಒಂದು ಮರದ ಮನೆ, ಆಲೂಗಡ್ಡೆಯ ಪಾತಿ, ಎಲ್ಲರ ತೋಟದಲ್ಲೂ ಇರುವಂತೆ ಒಂದು ಬಾವುಟದ ಕಂಬ. ನನ್ನದು ಎದುರಿನ ತೋಟ.

ಸ್ವೆನ್ ಹಡಗುಕಟ್ಟೆಯಲ್ಲಿ ಹಳೇ ಬಣ್ಣ ಕೆರೆದವನು. ಆ ಕಟ್ಟೆ ಮುಚ್ಚಿ ಯಾವ ಕಾಲವಾಯಿತೋ, ಅದರ ಧೂಳು ಮಾತ್ರ ಅವನ ಎದೆಯೊಳಗೆ ಇನ್ನೂ ರಜೆ ಇಲ್ಲದೆ ದುಡಿಯುತ್ತಿದೆ. ಈ ಬೇಸಿಗೆಯಲ್ಲಿ ಡಾಕ್ಟರು ನೇರವಾಗಿ ಹೇಳಿಬಿಟ್ಟರು: ಸೌದೆಯ ಹೊಗೆ ನಿಲ್ಲಬೇಕು, ಇಲ್ಲದಿದ್ದರೆ ತೋಟ ಬಿಡಬೇಕು. ಬಿಡುವುದಾದರೆ ಅಕ್ಟೋಬರ್ ಕೊನೆಯೊಳಗೆ ಸಂಘಕ್ಕೆ ತಿಳಿಸಬೇಕು. ಆಮೇಲೆ ಸ್ವೆನ್ನನಿಗೆ ಉಳಿಯುವುದು ಪೇಟೆಯ ಮೂರನೇ ಮಹಡಿ, ಬಾಲ್ಕನಿಯಿಲ್ಲದ ಎರಡು ಕೋಣೆ.

ಹೊಗೆ ನಿಲ್ಲಿಸುವುದು ಸುಲಭದ ಮಾತಲ್ಲ. ಒಲೆಯಲ್ಲಿ ಬರ್ಚ್ ಸೌದೆ, ಮೇಜಿನ ಮೇಲೆ ಮೇಣದಬತ್ತಿ, ಕಾಲಿಗೆ ಉಣ್ಣೆಯ ಚೀಲ: ಇದನ್ನು ಮುಟ್ಟುವುದೆಂದರೆ ನಮ್ಮವರಿಗೆ ಇಗರ್ಜಿಗೆ ಕೈ ಹಾಕಿದ ಹಾಗೆ. ಇಗರ್ಜಿಗಾದರೆ ಅಷ್ಟು ಸಿಟ್ಟು ಬರಲಿಕ್ಕಿಲ್ಲ. ಬೋಡಿಲ್‌ಳ ಪಶ್ಚಿಮದ ನೆರೆಯವನು ಟಾಗೆ, ಹಳೇ ಬಡಗಿ. ಸಂಜೆಯಾದರೆ ಅವನ ಚಿಮಣಿ ಎಲ್ಲಕ್ಕಿಂತ ಮೊದಲು ಎದ್ದು ಹೊಗೆ ಉಗುಳುತ್ತದೆ.

ಬೋಡಿಲ್ ಸಂಘದ ಅಧ್ಯಕ್ಷ ಪ್ರೀಬೆನ್ ಬಳಿ ಹೋದಳು.

"ಹೊಗೆ ಎಲ್ಲರ ಮನೇದೂ ಬರುತ್ತೆ ಬೋಡಿಲ್. ಯಾರ್ದು ಅಂತ ಹೇಗೆ ಹೇಳ್ತೀಯ? ನಿನ್ ಮೂಗು ನಂಬ್ಕೊಂಡು ನಿಯಮ ಮಾಡೋಕಾಗುತ್ತಾ?"

"ಅಳೆದು ತಂದ್ರೆ?"

"ತಾ ಮತ್ತೆ. ಸಭೇಲಿ ಇಡೋಣ."

ಬೇಡವೆನ್ನಲು ಧೈರ್ಯವಿಲ್ಲದವರು ಹೀಗೆಯೇ ಪುರಾವೆ ಕೇಳುತ್ತಾರೆ. ಕಾಯಿಲೆಯವನೇ ಪುರಾವೆ ಹೊತ್ತು ತರಬೇಕು, ಒಲೆ ಹಚ್ಚುವವನು ಏನೂ ತರಬೇಕಾಗಿಲ್ಲ.

ಅವಳು ಮನೆಯಲ್ಲೇ ಹವಾಮಾನ ಕೇಂದ್ರ ಕಟ್ಟಲು ಕೂತಳು. ಯಾವ ಸೆನ್ಸರ್ ಬೇಕು, ಯಾವುದು ಬೇಡ ಎಂಬುದರಲ್ಲೇ ಜುಲೈ ಕಳೆಯಿತು. ಮೊದಲು ತರಿಸಿದ್ದು ಅಗ್ಗದ ಗ್ಯಾಸ್ ಸೆನ್ಸರ್. ಅದು ಈರುಳ್ಳಿ ಹುರಿದರೂ ಕೂಗಿತು, ಸ್ವೆನ್ ಗಡ್ಡ ಬೋಳಿಸಿ ಸುಗಂಧ ಹಚ್ಚಿಕೊಂಡರೂ ಕೂಗಿತು.

"ನನ್ನ ಕಂಡ್ರೆ ಅದಕ್ಕೂ ಆಗಲ್ಲ ನೋಡು," ಎಂದ ಸ್ವೆನ್. "ನಿಮ್ಮಮ್ಮನ ಥರ."

ಅದನ್ನು ಡ್ರಾಯರ್‌ಗೆ ಹಾಕಿ ಧೂಳಿನ ಸೆನ್ಸರ್ ತಂದಳು. ಸಣ್ಣ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕಿನಲ್ಲಿ ಕಣಗಳನ್ನು ಎಣಿಸುತ್ತದೆ. ಆದರೆ ಅದಕ್ಕೆ ಮಂಜಿನ ಹನಿಯೂ ಧೂಳೇ. ಫ್ಯೋರ್ಡ್ ಕಡೆಯಿಂದ ಬೆಳಿಗ್ಗೆ ಮಂಜು ಏರುವ ನಮ್ಮಂಥ ಕಡೆ ಅದೊಂದನ್ನೇ ನಂಬಿದರೆ ಕೆಟ್ಟ ಹಾಗೆಯೇ. ಹಾಗಾಗಿ ತೇವದ ಸೆನ್ಸರ್ ಜೊತೆಗೂಡಿತು: ತೇವ ಮಿತಿಮೀರಿದ ಹೊತ್ತಿನ ಲೆಕ್ಕವನ್ನು ಬದಿಗಿಡಲು. ವಾಯುಭಾರದ್ದು ಬೇಡವೆಂದಳು.

"ಎಲ್ಲರ ಸ್ಟೇಷನ್‌ನಲ್ಲೂ ಅದಿರುತ್ತಲ್ಲೇ," ಎಂದ ಸ್ವೆನ್.

"ನಂಗೆ ನಾಳೆ ಮಳೆ ಬರುತ್ತಾ ಅಂತ ಬೇಕಿಲ್ಲ. ನೀನು ಯಾಕೆ ಕೆಮ್ತೀಯ ಅಂತ ಬೇಕು."

ಉಳಿದದ್ದು ಗಾಳಿ. ಶಬ್ದದ ಅಲೆಯಿಂದ ದಿಕ್ಕು ತಿಳಿಯುವ, ತಿರುಗುವ ಭಾಗವೇ ಇಲ್ಲದ ಸೆನ್ಸರ್ ಒಂದು. ಬಾಣದಂತೆ ತಿರುಗುವ ಹಳೇ ಮಾದರಿಯ ಗಾಳಿಪಟ್ಟಿ ಇನ್ನೊಂದು, ಬಹಳ ಅಗ್ಗ. ಅಗ್ಗದ್ದನ್ನೇ ಆರಿಸಿದಳು. ಎತ್ತರ ಬೇಕಿತ್ತು, ತೋಟದಲ್ಲಿ ಎಲ್ಲಕ್ಕಿಂತ ಎತ್ತರದ್ದು ಬಾವುಟದ ಕಂಬ. ಅದರ ತುದಿಯ ಚಿನ್ನದ ಬಣ್ಣದ ಗುಂಡಿನಿಂದ ತುಸು ಕೆಳಗೆ ಒಂದು ತೋಳು ಬಿಗಿದು ಕೂರಿಸಿದಳು.

ಸೆಪ್ಟೆಂಬರ್‌ನಲ್ಲಿ, ಅದನ್ನು ಕೂರಿಸಿದ ಮರುದಿನವೇ, ಟಾಗೆಗೆ ಎಪ್ಪತ್ತು ತುಂಬಿತು. ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಮಾಡುವಂತೆ ಕಾಲೊನಿಯ ಎಲ್ಲ ಕಂಬಗಳಲ್ಲೂ ಬಾವುಟ ಏರಿತು. ಬೋಡಿಲ್‌ಳದೂ ಏರಿತು. ಕೆಂಪು ಬಟ್ಟೆ ದಿನವಿಡೀ ಪಟಪಟ ಬಡಿಯಿತು. ಸೂರ್ಯ ಮುಳುಗುವ ಮೊದಲು ಇಳಿಸಬೇಕಲ್ಲ, ಸ್ವೆನ್ ಹಗ್ಗ ಎಳೆದ. ಎಲ್ಲೋ ಸಿಕ್ಕಿಕೊಂಡಿತ್ತು, ಜೋರಾಗಿ ಎಳೆದ, ಬಂತು. ಮೇಲೆ ಗಾಳಿಪಟ್ಟಿ ಬಾಗಿ ಪೂರ್ವಕ್ಕೆ ಮುಖಮಾಡಿ ಅಲ್ಲೇ ಕಚ್ಚಿಕೊಂಡಿದ್ದನ್ನು ಯಾರೂ ಕತ್ತೆತ್ತಿ ನೋಡಲಿಲ್ಲ.

ಅಕ್ಟೋಬರ್ ಮೊದಲ ವಾರದ ಸಭೆಯಲ್ಲಿ ಬೋಡಿಲ್ ತನ್ನ ಸೆನ್ಸರ್‌ಗಳು ಬರೆದ ಗೆರೆಗಳನ್ನು ಗೋಡೆಯ ಮೇಲೆ ತೋರಿಸಿದಳು. ಧೂಳು ಏರಿದ ಪ್ರತಿ ಸಂಜೆಯೂ ಗಾಳಿ ಪೂರ್ವದಿಂದ. ಪೂರ್ವದಲ್ಲಿರುವುದು ರಾಗ್ನಿಲ್ಡ್. ಅವಳ ಮನೆಯಲ್ಲಿ ಒಲೆಯೇ ಇಲ್ಲ.

"ನನ್ ಕರೆಂಟ್ ಹೀಟರ್‌ಗೆ ಚಿಮಣಿ ಯಾವಾಗ ಬಂತೇ ಬೋಡಿಲ್?" ಎಂದು ರಾಗ್ನಿಲ್ಡ್ ಹೆಣಿಗೆಯಿಂದ ಕಣ್ಣೆತ್ತದೆ ಕೇಳಿದಳು.

ಸಭೆ ನಕ್ಕಿತು. ಕಾಫಿ ಬಗ್ಗಿಸಿಕೊಳ್ಳಲು ಎದ್ದವರೂ ನಿಂತು ನಕ್ಕರು. ಪ್ರೀಬೆನ್ ಮುಂದಿನ ವಿಷಯಕ್ಕೆ ಹೋದ. ಹೊಗೆ ಎಲ್ಲಿಂದ ಬರುತ್ತದೆಂದು ಅಲ್ಲಿದ್ದ ಪ್ರತಿ ಮೂಗಿಗೂ ಗೊತ್ತಿತ್ತು. ಗೊತ್ತಿದ್ದೇ ನಕ್ಕರು. ಯಂತ್ರ ತಪ್ಪಿದರೆ ಮನುಷ್ಯನ ಕೆಮ್ಮೂ ಸುಳ್ಳಾಗುತ್ತದೆಯೇ? ಸಭ್ಯರ ಕಾಲೊನಿಯಲ್ಲಿ ಆಗುತ್ತದೆ.

ಮರುದಿನ ಅವಳು ಕಂಬ ವಾಲಿಸಿ ಕೆಳಗಿಳಿಸಿದಳು. ಗಾಳಿಪಟ್ಟಿಯ ತಿರುಗಣೆಯಲ್ಲಿ ಕೆಂಪು ನೂಲು ಸುತ್ತಿಕೊಂಡಿತ್ತು. ಬೇಲಿಯಾಚೆ ಟಾಗೆ ನಿಂತಿದ್ದ.

"ನನ್ ಹುಟ್ಟುಹಬ್ಬದ ದಿನ ಆಗಿದ್ದಾ?"

"ಹೂಂ."

"ನನ್ ಮೇಲೆ ಸಿಟ್ಟಿತ್ತಲ್ಲ. ಬಾವುಟ ಏರಿಸ್ದೇ ಇರಬೋದಿತ್ತು."

"ಸಿಟ್ಟು ಬೇರೆ, ಹುಟ್ಟುಹಬ್ಬ ಬೇರೆ."

ಅವಳು ಶಬ್ದದ ಅಲೆಯ ಆ ದುಬಾರಿ ಸೆನ್ಸರನ್ನೇ ತರಿಸಿ, ಸಲಕರಣೆ ಗುಡಿಸಲ ಮೇಲೆ ಬೇರೆ ಕೋಲು ನೆಟ್ಟು ಕೂರಿಸಿದಳು. ಒಣ ಸಂಜೆಗಳು ಬಂದವು. ಈ ಸಲ ಗೆರೆಗಳು ಸರಿಯಾಗಿ ಹೇಳಿದವು: ಗಾಳಿ ಪಶ್ಚಿಮದ್ದು, ಟಾಗೆಯ ಚಿಮಣಿ ಎದ್ದ ಬೆನ್ನಿಗೇ ಧೂಳು. ಪ್ರೀಬೆನ್‌ಗೆ ತೋರಿಸಿದರೆ, ಮುಗಿದ ವಿಷಯವನ್ನು ವಸಂತದ ಮಹಾಸಭೆಗೆ ಮುಂಚೆ ತೆರೆಯುವ ಹಾಗಿಲ್ಲ ಎಂದ. ಆ ಹೊತ್ತಿಗೆ ತೋಟ ಬೇರೆಯವರದಾಗಿರುತ್ತದೆ.

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ನೇರ ಟಾಗೆಯ ಅಡುಗೆಮನೆಗೆ ಹೋದಳು. ಜೊತೆಗೆ ನನ್ನನ್ನೂ ಕರೆದಳು.

ಟಾಗೆ ಕನ್ನಡಕ ಹಾಕಿಕೊಂಡು, ಗೆರೆ ಏರಿದ ಕಡೆ ಬೆರಳಿಟ್ಟ. "ಇದು ನಾನಾ?"

"ನೀನೇ."

"ಇದೂ?"

"ಅದೂ ನೀನೇ."

"ಇದು? ಇದೇ ಎಲ್ಲಕ್ಕಿಂತ ಎತ್ತರ ಇದೆ."

"ಅದು ಮಂಜು. ಬಿಟ್ಬಿಡು, ಅದು ಲೆಕ್ಕಕ್ಕಿಲ್ಲ."

"ಇದನ್ನೂ ನನ್ ತಲೆಗೆ ಕಟ್ಟಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿರ್ಲಿಲ್ಲ. ಆದ್ರೆ ನಿಂದಲ್ವಲ್ಲ."

ಟಾಗೆ ಕನ್ನಡಕ ತೆಗೆದು ಒರೆಸಿದ. ಕ್ಷಮೆ ಕೇಳಲಿಲ್ಲ, ನಮ್ಮ ಗಂಡಸರು ಅದನ್ನು ಮಾಡುವುದಿಲ್ಲ. ಮರುದಿನ ಸಂಜೆ ಬೇಲಿಯಿಂದ ಕೂಗಿದ: "ಗಾಳಿ ಯಾವ ಕಡೇದು?"

"ನಿನ್ ಕಡೇದೇ!"

ಅಂದು ಅವನ ಚಿಮಣಿ ಏಳಲಿಲ್ಲ. ಆಮೇಲೂ ಪಶ್ಚಿಮದ ಗಾಳಿ ಬೀಸಿದ ಸಂಜೆಗಳಲ್ಲಿ ಏಳಲಿಲ್ಲ. ತೋಟ ಬಿಡುವ ಮಾತನ್ನು ಬೋಡಿಲ್ ಸಂಘಕ್ಕೆ ತಿಳಿಸಲಿಲ್ಲ. ಸ್ವೆನ್ ಕೊನೆಯ ಆಲೂಗಡ್ಡೆಗಳನ್ನು ತಾನೇ ಕಿತ್ತ, ನಾಲ್ಕು ಬುಡ ಕಿತ್ತು ಒಮ್ಮೆ ಕೂತು.

ಪ್ರೀಬೆನ್ ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ: "ನೋಡಿದ್ರಾ, ನಿಯಮ ಇಲ್ದೇನೇ ಬಗೆಹರೀತು." ನನಗೆ ಮೈ ಉರಿಯಿತು. ಬಗೆಹರಿದದ್ದು ಟಾಗೆ ಟಾಗೆಯಾಗಿದ್ದರಿಂದ. ನಾಳೆ ಅವನು ತೋಟ ಮಾರಿದರೆ? ಒಬ್ಬನ ಉಸಿರು ಪಕ್ಕದವನ ಒಳ್ಳೆಯತನದ ಮೇಲೆ ನಿಲ್ಲುವುದು ನೆಮ್ಮದಿಯಲ್ಲ, ಅದೃಷ್ಟ. ಇದನ್ನೇ ಬೋಡಿಲ್‌ಗೆ ಹೇಳಿದೆ, ದನಿ ಏರಿಸಿಯೇ ಹೇಳಿದೆ.

"ಕೂಗ್ಬೇಡ, ಸ್ವೆನ್ ಮಲಗಿದಾನೆ," ಎಂದಳು. "ಹೊಗೆಗೆ ನಿಯಮ ಬೇಕು ಅಂತ ವಸಂತದ ಸಭೆಗೆ ಅರ್ಜಿ ಹಾಕಿಯಾಯ್ತು. ಅನುಮೋದನೆ ಟಾಗೆದು. ನೀನು ಬಂದು ಕೈ ಎತ್ತು, ಸಾಕು."