ಹಟ್ಟಿಕೇರಿಯ ಹಸಿರು ನೀರು

ಊರಿಗೆ ಹೋಗಿ ಬರುವಷ್ಟರಲ್ಲಿ ಮಗಳ ಮೀನಿನ ತೊಟ್ಟಿ ಹಸಿರಾಗಿತ್ತು. ಮನೆಯವರು ಚೆಲ್ಲಲು ಹೊರಟರೆ ನಾನು ತಡೆದು, ಬಗ್ಗಿ ದಿಟ್ಟಿಸಿ ನೋಡಿದೆ. ಈ ಚಾಳಿ ನನಗೆ ಅಂಟಿದ್ದು ಕಾರವಾರದಲ್ಲಿ.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ನಾನಲ್ಲಿ ಕಡಲಜೀವಶಾಸ್ತ್ರ ಓದುತ್ತಿದ್ದೆ. ಓದಿದ್ದಕ್ಕಿಂತ ಮೀನೂಟ ಮಾಡಿದ್ದೇ ಹೆಚ್ಚು ಎಂದರೂ ನಡೆದೀತು. ಸಹಪಾಠಿ ನಾಗವೇಣಿ ಅಂಕೋಲೆಯ ಹಟ್ಟಿಕೇರಿಯವಳು; ಹಾಸ್ಟೆಲಿನಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದಳು. ಅವಳ ಅವ್ವ ಹಳ್ಳದಲ್ಲಿ ಬಳಚು ಎಂಬ ಚಿಪ್ಪುಮೀನು ಆಯ್ದು, ಬುಟ್ಟಿ ಹೊತ್ತು ಪೇಟೆಗೆ ಹೋಗುವವರು. ಡಬ್ಬಿಯಲ್ಲಿ ಬಳಚಿನ ಪಲ್ಯ ಬಂದ ದಿನ ನಾನು ಅವಳಿಗೆ ಎಂಥ ಆಪ್ತ ಗೆಳತಿಯಾಗುತ್ತಿದ್ದೆನೆಂದು ನೀವೇ ಊಹಿಸಿ.

ಒಂದು ವರ್ಷ ಮಳೆ ಹಿಂದಾದ ಮೇಲೆ ಆ ಹಳ್ಳದ ನೀರು ಕಡು ಹಸಿರಾಯಿತು. ವಿಷ ಸೇರಿದೆ ಎಂಬ ಮಾತು ಅವ್ವನಿಗಿಂತ ಮೊದಲೇ ಪೇಟೆ ಮುಟ್ಟಿತು. ಬುಟ್ಟಿಯ ಹತ್ತಿರ ಯಾರೂ ಸುಳಿಯಲಿಲ್ಲ. ನಾಗವೇಣಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು: ಹಿಂದಿನ ದಿನ ಮನೆಮಂದಿಯೆಲ್ಲ ಅದೇ ಬಳಚು ಉಂಡಿದ್ದರು. ಬಾಟಲಿಯಲ್ಲಿ ಹಳ್ಳದ ನೀರು ತುಂಬಿಕೊಂಡು ಬೆಳಗಿನ ಬಸ್ಸಿಗೆ ಬಂದಳು.

ನೀರಿಗೆ ಹೀಗೆ ಬಣ್ಣ ತರುವುದು ಒಂಟಿ ಕೋಶದ ಪಾಚಿ ಎಂದರು ನಮ್ಮ ಮೇಡಂ. ಹೆಚ್ಚಿನವು ಪಾಪದವು, ಕೆಲವು ಮಾತ್ರ ಬಳಚಿನ ಹೊಟ್ಟೆ ಸೇರಿ ಉಂಡವರನ್ನು ಕೊಲ್ಲಬಲ್ಲವು. ಇದು ಯಾವ ಕುಲದ್ದೆಂದು ಮೊದಲು ನೋಡಿ ಎಂದರು.

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಹಲಸಿನ ಬೀಜದಂಥ ಮೈ, ಒಳಗೆ ಬಟ್ಟಲಿನಾಕಾರದ ಹಸಿರು, ಪಕ್ಕದಲ್ಲೊಂದು ಕೆಂಪು ಚುಕ್ಕೆ. ಒಂದೂ ನಿಂತಲ್ಲಿ ನಿಲ್ಲದು. ಅಯೋಡಿನ್ ಹನಿ ಬಿಟ್ಟ ಮೇಲೆ ಸುಮ್ಮನಾದವು. ಮೈಯ ಮುಂತುದಿಯ ತಗ್ಗಿನಿಂದ ಹೊರಟ, ಈಜಲು ಬೇಕಾದ ಎಳೆಯಂಥ ಬಾಲ ಎರಡು ಎಂದು ನಾನು ಸಾರಿದೆ. ನಾಗವೇಣಿ ನನ್ನನ್ನು ಸರಿಸಿ ಬಹಳ ಹೊತ್ತು ನೋಡಿದಳು.

“ಎರಡಲ್ಲ ಮಾರಾಯ್ತಿ, ಎರಡು ಜೋಡಿ ಅದೆ.”

ಹೌದು, ನಾಲ್ಕು, ಎಲ್ಲವೂ ಸಮ ಉದ್ದ. ಹೆದರಬೇಕಾದ ಕುಲದವು ಕಂದು ಬಣ್ಣದವು. ಅವಕ್ಕೆ ಎರಡೇ ಬಾಲ, ಒಂದು ಸೊಂಟಕ್ಕೆ ಸುತ್ತಿಕೊಂಡಿರುತ್ತದೆ. ನಮ್ಮದು ಟೆಟ್ರಾಸೆಲ್ಮಿಸ್, ಸಿಗಡಿಮರಿ ಸಾಕುವವರು ಬೆಳೆಸಿ ತಿನ್ನಿಸುವ ಹಸಿರು ಪಾಚಿ. ಮೇಡಂ ತಾವೂ ನೋಡಿ ಒಪ್ಪಿದರು. ಆದರೆ ಬಳಚನ್ನೇ ಪರೀಕ್ಷಿಸದೆ ಉಣ್ಣಿ ಅನ್ನುವ ಹಾಗಿಲ್ಲವೆಂದು ಅದನ್ನೂ ಪ್ರಯೋಗಾಲಯಕ್ಕೆ ಕಳಿಸಿಕೊಟ್ಟರು. ಉತ್ತರ ಬರುವವರೆಗೆ ನಾಗವೇಣಿ ಸಂಜೆ ಸಂಜೆಗೂ ಊರಿನ ಪಕ್ಕದ ಮನೆಗೆ ಫೋನ್ ಮಾಡಿ, ಎಲ್ಲರೂ ಆರಾಮೋ ಎಂದು ಕೇಳಿಸುತ್ತಿದ್ದಳು. ಬಳಚಿನಲ್ಲಿ ವಿಷವಿಲ್ಲವೆಂದು ತಿಳಿದ ದಿನ ಅವಳು ಅಷ್ಟು ದಿನಗಳಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡದ್ದನ್ನು ಕಂಡೆ.

ಅವ್ವ ಆ ಜೀವವನ್ನು ನೋಡಲೆಂದೇ ಕಾರವಾರಕ್ಕೆ ಬಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಗ್ಗಿದರು.

“ಇದ್ಕೆ ಕಣ್ಣೂ ಅದೆ?”

ಅದು ಕಣ್ಣಲ್ಲ, ಬೆಳಕು ಯಾವ ಕಡೆಗಿದೆ ಎಂದು ತಿಳಿಯಲು ನೆರವಾಗುವ ಚುಕ್ಕೆ ಅಷ್ಟೇ ಎಂದು ನಾನು ಪಾಂಡಿತ್ಯ ತೋರಿದೆ.

“ಅಷ್ಟು ಗೊತ್ತಾದ್ರೆ ಸಾಕಲೆ ತಂಗಿ,” ಎಂದರು ಅವ್ವ. ಮರುವಾರ ಪೇಟೆಯಲ್ಲಿ ಕೇಳಿದವರಿಗೆಲ್ಲ, ನಮ್ಮ ಹುಡುಗಿಯರು ನೋಡಿದ್ದಾರೆ ಎಂದು ಹೇಳಿ ಬುಟ್ಟಿ ಖಾಲಿ ಮಾಡಿಕೊಂಡು ಹೋದರಂತೆ.

ನಾವು ಆಗ ಆ ಪಾಚಿಯನ್ನು ಪ್ರಾಸಿನೋಫೈಸಿ ಎಂಬ ವರ್ಗಕ್ಕೆ ಸೇರಿಸಿದ್ದೆವು. ಆಮೇಲೆ ಬಲ್ಲವರು ಅದನ್ನು ಬೇರೊಂದು ವರ್ಗಕ್ಕೆ ಒಯ್ದಿದ್ದಾರೆಂದು ಮೊನ್ನೆ ಓದಿದೆ. ಕಲಿತದ್ದು ಹಳತಾಯಿತೆಂದು ಪೆಚ್ಚಾಗಿ, ಈಗ ಅಂಕೋಲೆಯಲ್ಲಿ ಪಾಠ ಹೇಳುವ ನಾಗವೇಣಿಗೆ ಫೋನ್ ಮಾಡಿದೆ. ಅವಳಿಗೆ ಖುಷಿಯೇ ಆಯಿತು.

“ಅಂದ್ರೆ ನೋಡೂದು ಇನ್ನೂ ಮುಗೀಲಿಲ್ಲ ಅಂತಾಯ್ತು. ಮಗಳನ್ನ ಕರ್ಕೊಂಡು ಬಾ.”

ನನ್ನ ಪೆಚ್ಚುಮೋರೆ ಹೇಗೆ ಹೋಯಿತೋ ತಿಳಿಯದು. ಮುಂದಿನ ರಜೆಗೆ ಹಟ್ಟಿಕೇರಿ ಎಂದು ಮಗಳಿಗೆ ಆಗಲೇ ಹೇಳಿಬಿಟ್ಟಿದ್ದೇನೆ.